ಬಿಟ್‌ರೇಟ್ ಏರಿಸಿದರೆ ಆಟ ಚಂದ ಆಗುವುದಿಲ್ಲ

ಮಾನ್ಯ ಸಂಪಾದಕರೇ,

ಹಳೆಯ ಸಿಡಿಗಳನ್ನು ಉಳಿಸಿಕೊಳ್ಳುವ ಬಗ್ಗೆ ನಿಮ್ಮ ತಂತ್ರಜ್ಞಾನ ಅಂಕಣದಲ್ಲಿ ಬಂದ ಬರಹ ಓದಿದೆ. ಇಂಥ ವಿಷಯ ಯಾರೂ ಬರೆಯುವುದಿಲ್ಲ, ಬರೆದದ್ದು ಸಂತೋಷ. ಆದರೆ ಒಂದು ಸಲಹೆ ಮಾತ್ರ ನನಗೆ ಸರಿ ಕಾಣಲಿಲ್ಲ. ವಿಸಿಡಿಯನ್ನು (ಹಳೆಯ ವಿಡಿಯೊ ಸಿಡಿ) ಡಿವಿಡಿ ಮಾಡುವಾಗ ಸಾಫ್ಟ್‌ವೇರಿನಲ್ಲಿ ಬಿಟ್‌ರೇಟನ್ನು (ಒಂದು ಸೆಕೆಂಡಿನ ಚಿತ್ರಕ್ಕೆ ಕೊಡುವ ಜಾಗ) ಆದಷ್ಟು ಮೇಲಕ್ಕೆ ಇಡಿ, ಚಿತ್ರ ಚೆನ್ನಾಗಿ ಬರುತ್ತದೆ ಎಂದಿದ್ದಾರೆ. ಬರುವುದಿಲ್ಲ. ಡಿಸ್ಕ್ ಜಾಸ್ತಿ ಖರ್ಚಾಗುತ್ತದೆ, ಅಷ್ಟೇ.

ನಾನು ಕುಂದಾಪುರದ ಕಡೆಯವನು. ವಿಎಚ್‌ಎಸ್ ಕ್ಯಾಮೆರಾ ಹೆಗಲ ಮೇಲೆ ಹೊರುತ್ತಿದ್ದ ಕಾಲದಿಂದ ಮದುವೆ, ಗೃಹಪ್ರವೇಶ, ಯಕ್ಷಗಾನ ಶೂಟ್ ಮಾಡಿಕೊಂಡು ಬಂದವನು. ಈಗ ಹೊಸ ಕೆಲಸ ಕಡಿಮೆ. ಜನ ತರುವುದೆಲ್ಲ ಹಳೆಯ ಕ್ಯಾಸೆಟ್, ಹಳೆಯ ಡಿಸ್ಕ್. ಹಾಗಾಗಿ ಈ ಬಿಟ್‌ರೇಟ್ ಎಂಬ ಒಂದು ಅಂಕಿಯ ಜೊತೆ ದಿನಾ ಗುದ್ದಾಟ.

ಮೊನ್ನೆಯ ಒಂದು ಕೇಸ್ ಹೇಳುತ್ತೇನೆ. ನಮ್ಮ ನೆರೆಯ ಮನೆಯವರು ಹಿಂದೆ ಹರಕೆ ಆಟ, ಅಂದರೆ ದೇವರಿಗೆ ಹರಕೆ ಹೊತ್ತ ಯಕ್ಷಗಾನ, ಆಡಿಸಿದ್ದರು. ನಮ್ಮ ಕಡೆ ಹರಕೆ ಆಟ ಎಂದರೆ ಸಣ್ಣ ಮಾತಲ್ಲ. ಮಂದಾರ್ತಿ, ಕಟೀಲು ದೇವಸ್ಥಾನಗಳ ಮೇಳಗಳಿಗೆ (ಯಕ್ಷಗಾನ ತಂಡಗಳಿಗೆ) ವರ್ಷಗಟ್ಟಲೆ ಮುಂಚೆಯೇ ಬುಕ್ ಮಾಡಿ ಕಾಯಬೇಕು. ಆವತ್ತಿನ ಆಟ ಐದು ವಿಸಿಡಿಯಲ್ಲಿತ್ತು. ಪೂರ್ವರಂಗ ಬಿಟ್ಟು ಸುಮಾರು ಆರು ಗಂಟೆಯ ಪ್ರಸಂಗ. ಡಿವಿಡಿ ಮಾಡಿಸಲು ಪೇಟೆಯ ಒಂದು ಅಂಗಡಿಗೆ ಕೊಟ್ಟರು. ಅಂಗಡಿಯವರು ಐದು ವಿಸಿಡಿಗೆ ಐದು ಡಿವಿಡಿ ಮಾಡಿ, ಲೇಬಲ್ ಮೇಲೆ ‘ಹೈ ಕ್ವಾಲಿಟಿ’ ಅಂತ ಅಚ್ಚು ಹಾಕಿ, ಡಿಸ್ಕಿಗೆ ಇಷ್ಟು ಎಂದು ದುಡ್ಡು ತೆಗೆದುಕೊಂಡರು. ಮನೆಯ ಹಿರಿಯರು ನನ್ನ ಹತ್ತಿರ ತಂದು, “ಎಂಥ ಮಾರಾಯ್ರೆ, ಮೊದಲು ಹೇಗಿತ್ತೋ ಹಾಗೇ ಉಂಟಲ್ಲ! ನನ್ನ ಕಣ್ಣಿಗೆ ಪೊರೆ ಬಂತಾ ಹೇಗೆ?” ಎಂದರು. ಕಣ್ಣು ಸರಿಯಾಗಿಯೇ ಇತ್ತು. ಫೈಲ್ ತೆರೆದು ನೋಡಿದೆ. ಬಿಟ್‌ರೇಟ್ ಸೆಕೆಂಡಿಗೆ 8,000 ಕಿಲೋಬಿಟ್ ಇಟ್ಟಿದ್ದರು. ಮೂಲ ವಿಸಿಡಿಯಲ್ಲಿ ಇದ್ದದ್ದು 1,150.

ಬಿಟ್‌ರೇಟ್ ಎಂದರೆ ಒಂದು ಸೆಕೆಂಡಿನ ವಿಡಿಯೊಗೆ ಡಿಸ್ಕಿನಲ್ಲಿ ಎಷ್ಟು ಜಾಗ ಕೊಡುತ್ತೀರಿ ಎಂಬ ಲೆಕ್ಕ. ವಿಸಿಡಿಯಲ್ಲಿ ಅದು ಮೊದಲೇ ನಿಗದಿಯಾದದ್ದು. 1993ರಲ್ಲಿ ಬಂದ ನಿಯಮದ ಪ್ರಕಾರ ಚಿತ್ರಕ್ಕೆ 1,150 ಕಿಲೋಬಿಟ್, ಧ್ವನಿಗೆ 224. ಯಾಕೆ ಅಷ್ಟೇ? ಹಾಡಿನ ಸಿಡಿ ಪ್ಲೇಯರ್ ಸೆಕೆಂಡಿಗೆ 1,411 ಕಿಲೋಬಿಟ್ ಓದುತ್ತದೆ. ಅದೇ ಡಿಸ್ಕ್, ಅದೇ ವೇಗ. ಅಷ್ಟರೊಳಗೆ ಚಿತ್ರವನ್ನೂ ತುರುಕಬೇಕಿತ್ತು. 74 ನಿಮಿಷ ಹಾಡು ಹಿಡಿಯುವ ಸಿಡಿ 74 ನಿಮಿಷ ವಿಡಿಯೊವನ್ನೂ ಹಿಡಿಯುವುದು ಇದರಿಂದಲೇ. ಅದಕ್ಕಾಗಿ ಚಿತ್ರವನ್ನು 352 ಅಡ್ಡ, 288 ಉದ್ದದ ಚುಕ್ಕಿಗಳಿಗೆ ಇಳಿಸಿದರು. ಡಿವಿಡಿಯದ್ದು 720 ಮತ್ತು 576. ಗುಣಿಸಿ ನೋಡಿ, ನಾಲ್ಕು ಪಟ್ಟಿಗೂ ಸ್ವಲ್ಪ ಜಾಸ್ತಿ.

ವಿಸಿಡಿ ಮಾಡುವಾಗ ಎಸೆದ ಆ ವಿವರ ವಾಪಸ್ ಬರುವ ದಾರಿ ಇಲ್ಲ. ದಪ್ಪ ಹಾಲು, ನೀರು ಹಾಲು ಎರಡೂ ಹಿಂಡಿ ಆದ ಕಾಯಿತುರಿಯನ್ನು ಎಷ್ಟು ದೊಡ್ಡ ಗ್ರೈಂಡರಿಗೆ ಹಾಕಿದರೂ ಮತ್ತೆ ದಪ್ಪ ಹಾಲು ಬರುವುದಿಲ್ಲ, ಅಲ್ವಾ? 8,000 ಇಟ್ಟಾಗ ಆಗುವುದೇನೆಂದರೆ, ಸಾಫ್ಟ್‌ವೇರ್ ಒಂದು ಚುಕ್ಕಿಯನ್ನು ನಾಲ್ಕಾಗಿ ಹಿಗ್ಗಿಸಿ, ಆ ಹಿಗ್ಗಿಸಿದ್ದನ್ನೇ ಬಹಳ ನಿಷ್ಠೆಯಿಂದ ಕಾಪಾಡುತ್ತದೆ. ವಿಸಿಡಿಯಲ್ಲಿ ವೇಷಧಾರಿ ಜೋರಾಗಿ ಕುಣಿದಾಗ ಕಾಣುವ ಚೌಕ ಚೌಕ ಇದೆಯಲ್ಲ, ಆ ಚೌಕಗಳ ಅಂಚನ್ನೂ ಅದು ಚಿತ್ರದ ಭಾಗ ಎಂದೇ ತಿಳಿಯುತ್ತದೆ. ನೀವು ಕೊಟ್ಟ ಬಿಟ್‌ನಲ್ಲಿ ದೊಡ್ಡ ಪಾಲು ಹಳೆಯ ಕಂಪ್ರೆಷನ್ನಿನ (ಚಿತ್ರ ಕುಗ್ಗಿಸಿದ್ದರ) ಕಲೆ ಉಳಿಸಲಿಕ್ಕೇ ಹೋಗುತ್ತದೆ. ಹಾಗಂತ ಹಿಗ್ಗಿಸಿದ ಚಿತ್ರಕ್ಕೆ ಬಿಟ್‌ರೇಟ್ ತೀರಾ ಕಡಿಮೆ ಇಟ್ಟರೆ ಹಳೆಯ ಚೌಕದ ಮೇಲೆ ಹೊಸ ಚೌಕ ಕೂರುತ್ತದೆ. ಎರಡೂ ಕಡೆ ನಷ್ಟ.

ಹಾಗಾದರೆ ಏನು ಮಾಡಬೇಕು? ಚಿತ್ರವನ್ನು ಮುಟ್ಟಲೇಬಾರದು. ಬಹಳ ಅಂಗಡಿಯವರು ಹೇಳದ ಸಂಗತಿ ಒಂದಿದೆ. 352 ಅಡ್ಡ, 288 ಉದ್ದದ ಎಂಪೆಗ್-1 (ವಿಸಿಡಿಯ ಕಂಪ್ರೆಷನ್ ವಿಧಾನ) ಚಿತ್ರ ಡಿವಿಡಿಯ ನಿಯಮದೊಳಗೇ ಇದೆ. ವಿಸಿಡಿಯ ಚಿತ್ರವನ್ನು ಮತ್ತೆ ಎನ್‌ಕೋಡ್ (ಹೊಸದಾಗಿ ಕುಗ್ಗಿಸಿ ಬರೆಯುವುದು) ಮಾಡದೆ ಹಾಗೇ ಎತ್ತಿ ಡಿವಿಡಿಗೆ ಹಾಕಬಹುದು. ಬದಲಾಯಿಸಬೇಕಾದದ್ದು ಧ್ವನಿ ಮಾತ್ರ. ವಿಸಿಡಿಯಲ್ಲಿ ಅದು 44.1 ಕಿಲೋಹರ್ಟ್ಸ್, ಡಿವಿಡಿಗೆ 48 ಬೇಕು. ಧ್ವನಿ ಬದಲಾಯಿಸಲು ಕಂಪ್ಯೂಟರಿಗೆ ಕೆಲವೇ ನಿಮಿಷ ಸಾಕು. ಹೀಗೆ ಮಾಡಿದರೆ ಒಂದೇ ಡಿವಿಡಿಯಲ್ಲಿ ಏಳು ಗಂಟೆಯ ವಿಸಿಡಿ ಹಿಡಿಯುತ್ತದೆ. ನೆರೆಮನೆಯವರ ಐದು ವಿಸಿಡಿ ಒಂದು ಡಿವಿಡಿಯಲ್ಲಿ ಕೂತು ಇನ್ನೂ ಜಾಗ ಉಳಿಯಿತು. ಚಿತ್ರವೂ ಮೂಲದಲ್ಲಿ ಹೇಗಿತ್ತೋ ಹಾಗೇ, ಒಂದು ಬಿಟ್ ವ್ಯತ್ಯಾಸ ಇಲ್ಲ.

ವಿಸಿಡಿಯಿಂದ ಫೈಲ್ ತೆಗೆಯುವಾಗಲೂ ಒಂದು ತಾಪತ್ರಯ ಇದೆ. ಡಿಸ್ಕಿನಲ್ಲಿ ಎಂಪೆಗ್‌ಎವಿ ಎಂಬ ಫೋಲ್ಡರ್, ಅದರೊಳಗೆ .DAT ಎಂದು ಕೊನೆಯಾಗುವ ಫೈಲ್ ಇರುತ್ತದೆ. 700 ಎಂಬಿ ಸಿಡಿಯಲ್ಲಿ 800 ಎಂಬಿಯ ಫೈಲ್ ಹೇಗೆ ಬಂತು ಎಂದು ಹುಡುಗರು ಕೇಳುತ್ತಾರೆ. ಡೇಟಾ ಸಿಡಿಯಲ್ಲಿ ತಪ್ಪು ತಿದ್ದಲು ಮೀಸಲಿಡುವ ಜಾಗದಲ್ಲಿ ಒಂದು ಪಾಲನ್ನು ವಿಸಿಡಿಯಲ್ಲಿ ಚಿತ್ರಕ್ಕೇ ಬಳಸಿದ್ದಾರೆ. ಅದಕ್ಕೇ ಗೀರು ಬಿದ್ದ ವಿಸಿಡಿಯ ಫೈಲು ಕಾಪಿ ಮಾಡುವಾಗ ಅರ್ಧದಲ್ಲಿ ನಿಲ್ಲುವುದು ಜಾಸ್ತಿ. ಸುಮ್ನೆ ಎಳೆದು ಕಾಪಿ ಮಾಡುವ ಬದಲು ವಿಸಿಡಿಗೆಂದೇ ಇರುವ ಸಾಫ್ಟ್‌ವೇರಿನಲ್ಲಿ ತೆಗೆಯಿರಿ. ಒಂದು ಡ್ರೈವಿನಲ್ಲಿ ಓದದ ಡಿಸ್ಕ್ ಇನ್ನೊಂದು ಡ್ರೈವಿನಲ್ಲಿ ಓದುವುದೂ ಉಂಟು. ಹಾಗಾಗಿ ಹಳೆಯ ಕಂಪ್ಯೂಟರಿನ ಡ್ರೈವ್‌ಗಳನ್ನು ನಾನು ಗುಜರಿಗೆ ಹಾಕುವುದಿಲ್ಲ. ಮನೆಯಲ್ಲಿ ಇದಕ್ಕೆ ಬೈಗುಳ ತಿನ್ನುತ್ತೇನೆ, ಅದು ಬೇರೆ ಮಾತು.

ಇನ್ನು ನಿಜವಾಗಿ ಬಿಟ್‌ರೇಟ್ ಆರಿಸಬೇಕಾದ ಕೆಲಸಕ್ಕೆ ಬರೋಣ. ಕ್ಯಾಸೆಟ್ಟಿನಿಂದ ಡಿವಿಡಿಗೆ ಹಾಕುವಾಗ ಮೊದಲ ಪ್ರಶ್ನೆ ಕ್ವಾಲಿಟಿಯದ್ದಲ್ಲ, ಎಷ್ಟು ನಿಮಿಷ ಇದೆ ಎಂಬುದು. ಮಾಮೂಲಿ ಡಿವಿಡಿ 4.7 ಜಿಬಿ. ಅದನ್ನು ಬಿಟ್‌ಗೆ ತಂದು, ಸ್ವಲ್ಪ ಅಂಚು ಬಿಟ್ಟು ಲೆಕ್ಕ ಹಾಕಿದರೆ ಒಂದು ಸುಲಭ ಸೂತ್ರ ಸಿಗುತ್ತದೆ. 600ನ್ನು ನಿಮಿಷದಿಂದ ಭಾಗಿಸಿ. ಬಂದದ್ದು ಸೆಕೆಂಡಿಗೆ ಇಷ್ಟು ಮೆಗಾಬಿಟ್ (ಒಂದು ಮೆಗಾಬಿಟ್ ಎಂದರೆ ಸಾವಿರ ಕಿಲೋಬಿಟ್). 90 ನಿಮಿಷಕ್ಕೆ 6.6, ಎರಡು ಗಂಟೆಗೆ 5, ಮೂರು ಗಂಟೆಗೆ 3.3, ನಾಲ್ಕು ಗಂಟೆಗೆ 2.5. ಇದರಲ್ಲೇ ಧ್ವನಿಯ ಪಾಲೂ ಸೇರಿದೆ, ಅದನ್ನು ಕಳೆದರೆ ಚಿತ್ರಕ್ಕೆ ಉಳಿದದ್ದು. ಕಾಗದ ಪೆನ್ನು ಸಾಕು, ಯಾವ ಸಾಫ್ಟ್‌ವೇರೂ ಬೇಡ.

ಅಂದ ಹಾಗೆ 4.7 ಎಂದು ಡಿಸ್ಕಿನ ಮೇಲೆ ಬರೆದಿದ್ದರೂ ಕಂಪ್ಯೂಟರ್ ಅದನ್ನೇ 4.38 ಎಂದು ತೋರಿಸುತ್ತದೆ. ಕಂಪೆನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರ್ 1,024ರ ಲೆಕ್ಕದಲ್ಲಿ. ಇದು ಗೊತ್ತಿಲ್ಲದೆ 4.6 ಜಿಬಿ ತಯಾರಿ ಮಾಡಿಟ್ಟು, ರೈಟ್ ಮಾಡುವಾಗ ಜಾಗ ಸಾಲದು ಎಂದು ಬಂದಾಗ ತಲೆ ಕೆರೆದುಕೊಳ್ಳುವವರು ಬಹಳ.

ಎಷ್ಟು ಮೆಗಾಬಿಟ್ ಇದ್ದರೆ ಸಾಕು ಎಂಬುದು ಚಿತ್ರದಲ್ಲಿ ಏನಿದೆ ಎಂಬುದರ ಮೇಲೆ ಹೋಗುತ್ತದೆ. ಈ ಎಂಪೆಗ್ ಕಂಪ್ರೆಷನ್ ಹಿಂದಿನ ಫ್ರೇಮಿಗೂ ಈ ಫ್ರೇಮಿಗೂ ಇರುವ ವ್ಯತ್ಯಾಸವನ್ನು ಬರೆದುಕೊಳ್ಳುತ್ತಾ ಹೋಗುವ ವಿದ್ಯೆ. ಏನೂ ಅಲ್ಲಾಡದಿದ್ದರೆ ಬರೆಯಲು ಏನೂ ಇಲ್ಲ. ಎಲ್ಲ ಅಲ್ಲಾಡಿದರೆ ಜಾಗ ಸಾಲುವುದಿಲ್ಲ. ಮದುವೆಯಲ್ಲಿ ಆರತಕ್ಷತೆಯ ಸಾಲು ಗಂಟೆಗಟ್ಟಲೆ ನಡೆದರೂ ಬಿಟ್ ಕೇಳುವುದಿಲ್ಲ. ಹೆಣ್ಣು ಗಂಡು ನಿಂತಲ್ಲೇ ನಿಂತಿರುತ್ತಾರೆ, ಹಿಂದಿನ ಬಟ್ಟೆಯ ಡೆಕೊರೇಷನ್ ಅಲ್ಲಾಡುವುದಿಲ್ಲ, ಬಂದವರು ಕವರ್ ಕೊಟ್ಟು ಫೋಟೊಗೆ ನಿಂತು ಹೋಗುತ್ತಾರೆ. ಅದೇ ಮುಹೂರ್ತದ ಆ ಅರ್ಧ ನಿಮಿಷ ನೋಡಿ. ಗಟ್ಟಿಮೇಳ ಬಾರಿಸುತ್ತದೆ, ಸುತ್ತ ನಿಂತವರೆಲ್ಲ ಅಕ್ಷತೆ ಎಸೆಯುತ್ತಾರೆ, ನೂರಾರು ಅಕ್ಕಿ ಕಾಳು ಒಂದೊಂದು ದಿಕ್ಕಿಗೆ ಹಾರುತ್ತದೆ, ನಡುವೆ ಫೋಟೊದವರ ಫ್ಲಾಶ್ ಪಟಪಟ. ಒಂದು ಫ್ಲಾಶ್ ಹೊಡೆದರೆ ಇಡೀ ಫ್ರೇಮ್ ಬಿಳಿ, ಮುಂದಿನದು ಮತ್ತೆ ಮೊದಲಿನಂತೆ. ಹಿಂದಿನ ಫ್ರೇಮಿನಿಂದ ಸಾಲ ಪಡೆಯಲು ಏನೂ ಇಲ್ಲ. ಇಡೀ ಮದುವೆಯಲ್ಲಿ ಮನೆಯವರು ಮತ್ತೆ ಮತ್ತೆ ಹಾಕಿ ನೋಡುವ ಜಾಗ ಅದೇ, ಒಡೆದು ಚೌಕವಾಗುವ ಜಾಗವೂ ಅದೇ.

ಯಕ್ಷಗಾನದಲ್ಲಿ ಇದು ಇನ್ನೂ ಜಾಸ್ತಿ. ಆಟದಲ್ಲಿ ಎರಡು ಲೋಕ ಇದೆ. ಅರ್ಥಗಾರಿಕೆ ನಡೆಯುವಾಗ ಇಬ್ಬರು ವೇಷಧಾರಿಗಳು ಎದುರುಬದುರು ಇದ್ದು ವಾದ ಹೂಡುತ್ತಾರೆ. ಇಪ್ಪತ್ತು ನಿಮಿಷ, ಅರ್ಧ ಗಂಟೆ ಆದರೂ ಕೈ, ಮುಖ ಬಿಟ್ಟರೆ ಬೇರೆ ಚಲನೆ ಕಡಿಮೆ. ಹಿಂದೆ ಹಿಮ್ಮೇಳ ಕೂತೇ ಇರುತ್ತದೆ. ಅದೇ ಯುದ್ಧದ ಕುಣಿತ ಶುರುವಾಯಿತೋ, ಚೆಂಡೆಯ ಪೆಟ್ಟಿಗೆ ಸರಿಯಾಗಿ ವೇಷ ಮೊಣಕಾಲೂರಿ ಮಂಡಿ ಹಾಕಿ ಗರಗರ ತಿರುಗುತ್ತದೆ. ಮೈಮೇಲೆ ಭುಜಕೀರ್ತಿ, ಎದೆಹಾರ, ಎಲ್ಲದರಲ್ಲೂ ಸಣ್ಣ ಸಣ್ಣ ಹೊಳಪು. ಒಂದೊಂದು ಫ್ರೇಮಿನಲ್ಲಿ ಒಂದೊಂದು ಜಾಗ ಮಿಂಚುತ್ತದೆ. ತೆಂಕಿನ, ಅಂದರೆ ದಕ್ಷಿಣ ಶೈಲಿಯ, ಆಟದಲ್ಲಿ ಮಹಿಷಾಸುರ ಬರುವುದು ಸಭೆಯ ನಡುವಿನಿಂದ. ಕೈಯಲ್ಲಿ ದೊಂದಿ, ಅದಕ್ಕೆ ರಾಳದ ಪುಡಿ ಎಸೆದರೆ ಭಗ್ ಎಂದು ಬೆಂಕಿ ಮೇಲೇಳುತ್ತದೆ. ಬೆಂಕಿ, ಹೊಗೆ, ಕತ್ತಲೆ, ಓಡುವ ಜನ, ಓಡುತ್ತಾ ಹಿಂಬಾಲಿಸುವ ಕ್ಯಾಮೆರಾ. ಕಂಪ್ರೆಷನ್ನಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ನಾನು ನೋಡಿಲ್ಲ. ವಿಸಿಡಿಯ 1,150ರಲ್ಲಿ ಮಹಿಷಾಸುರನ ಮುಖವೇ ಸಿಗುವುದಿಲ್ಲ, ಕೆಂಪು ಕಪ್ಪು ಚೌಕಗಳ ರಾಶಿ.

ಇದಕ್ಕೇ ಆಟದ ರೆಕಾರ್ಡಿಂಗಿಗೆ ಕಾನ್‌ಸ್ಟೆಂಟ್ ಬಿಟ್‌ರೇಟ್ ಇಡಬೇಡಿ ಎನ್ನುವುದು. ಕಾನ್‌ಸ್ಟೆಂಟ್ ಎಂದರೆ ಅರ್ಥ ಹೇಳುವ ಹೊತ್ತಿಗೂ ಅಷ್ಟೇ, ಮಂಡಿ ತಿರುಗುವ ಹೊತ್ತಿಗೂ ಅಷ್ಟೇ. ವೇರಿಯಬಲ್ ಇಟ್ಟು ಎರಡು ಪಾಸ್ ಮಾಡಿಸಿ. ಮೊದಲ ಪಾಸಿನಲ್ಲಿ ಸಾಫ್ಟ್‌ವೇರ್ ಇಡೀ ಪ್ರಸಂಗ ನೋಡಿಕೊಳ್ಳುತ್ತದೆ. ಎರಡನೆಯದರಲ್ಲಿ ಅರ್ಥಗಾರಿಕೆಯಲ್ಲಿ ಉಳಿಸಿದ್ದನ್ನು ಕುಣಿತಕ್ಕೆ ಕೊಡುತ್ತದೆ. ಡಿಸ್ಕಿನ ಒಟ್ಟು ಜಾಗ ಅದೇ ಇರುತ್ತದೆ, ಸಮಯ ಮಾತ್ರ ದುಪ್ಪಟ್ಟು ಹಿಡಿಯುತ್ತದೆ. ರಾತ್ರಿ ಹಚ್ಚಿಟ್ಟು ಮಲಗಿದರಾಯಿತು. ಮದುವೆಗೂ ಇದೇ ಮಾತು. ಆದರೆ ಕುಣಿತ ಇಲ್ಲದ ತಾಳಮದ್ದಳೆಗೆ ಈ ಯಾವ ತಲೆಬಿಸಿಯೂ ಇಲ್ಲ, ಎಲ್ಲರೂ ಕೂತೇ ಇರುತ್ತಾರೆ. ನಾಲ್ಕು ಗಂಟೆಯನ್ನು ಒಂದು ಡಿಸ್ಕಿಗೆ ಹಾಕಿದರೂ ನಡೆಯುತ್ತದೆ.

ವೇರಿಯಬಲ್ ಇಡುವಾಗ ಗರಿಷ್ಠ ಎಷ್ಟು ಎಂದೂ ಕೇಳುತ್ತದೆ. ಡಿವಿಡಿಯ ನಿಯಮದಲ್ಲಿ ಚಿತ್ರಕ್ಕೆ 9.8 ಮೆಗಾಬಿಟ್ ತನಕ ಅವಕಾಶ ಇದೆ, ಧ್ವನಿ ಎಲ್ಲ ಸೇರಿ 10.08. ಜನ ಅದನ್ನು ನೋಡಿ 9.8 ತನಕ ಎಳೆಯುತ್ತಾರೆ. ಕಂಪೆನಿಯಲ್ಲಿ ಅಚ್ಚು ಹಾಕಿದ ಡಿಸ್ಕ್ ತಡೆದುಕೊಳ್ಳುತ್ತದೆ. ನಾವು ಮನೆಯಲ್ಲಿ ರೈಟ್ ಮಾಡಿದ ಡಿಸ್ಕ್, ಅದೂ ಅಗ್ಗದ ಪ್ಲೇಯರಿನಲ್ಲಿ, ಆ ವೇಗಕ್ಕೆ ತಡವರಿಸುತ್ತದೆ. ಸರಿಯಾಗಿ ಕುಣಿತದ ಮಧ್ಯದಲ್ಲೇ ಚಿತ್ರ ನಿಂತು ನಿಂತು ಹೋಗುತ್ತದೆ. ಗರಿಷ್ಠ 8,000 ಇಟ್ಟರೆ ಸುರಕ್ಷಿತ. ಡಿಸ್ಕಿನ ಹೊರ ಅಂಚಿನ ತನಕ ತುಂಬಿಸುವುದೂ ಬೇಡ. ಅಂಚಿನಲ್ಲಿ ಓದುವ ತೊಂದರೆ ಮೊದಲು ಶುರುವಾಗುತ್ತದೆ.

ಧ್ವನಿಯ ವಿಷಯದಲ್ಲಿ ಜಿಪುಣತನ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಚಿತ್ರಕ್ಕೆ ಜಾಗ ಬೇಕು ಎಂದು ಧ್ವನಿಯನ್ನು 224ರಿಂದ 128ಕ್ಕೆ ಇಳಿಸುತ್ತಾರೆ. ಉಳಿದದ್ದು ಎಷ್ಟು? ಬರೀ 96 ಕಿಲೋಬಿಟ್. ಐದು ಸಾವಿರದ ಎದುರು ಅದು ಏನೂ ಅಲ್ಲ. ಆದರೆ ಚೆಂಡೆಯ ಪೆಟ್ಟಿನ ಮೊನೆ ಹೋಗಿ ತಗಡು ಬಡಿದ ಹಾಗೆ ಕೇಳುತ್ತದೆ. ತಾಳದ ನಾದ ಕಲಸಿಹೋಗುತ್ತದೆ. ಆಟದಲ್ಲಿ ಭಾಗವತರ ಪದ್ಯ ಕೇಳಲಿಕ್ಕೇ ಡಿಸ್ಕ್ ಹಾಕುವವರು ಎಷ್ಟು ಜನ ಇದ್ದಾರೆ! ಕಣ್ಣು ಮುಚ್ಚಿ ಕೇಳುತ್ತಾರೆ. ಧ್ವನಿಗೆ 224ಕ್ಕಿಂತ ಕಡಿಮೆ ಬೇಡ. ಹಾಗಂತ ಕಂಪ್ರೆಸ್ ಮಾಡದ ಪಿಸಿಎಂ ಧ್ವನಿಯೂ ಬೇಡ. ಅದೊಂದೇ 1,536 ಕಿಲೋಬಿಟ್ ತಿನ್ನುತ್ತದೆ, ಮೂರು ಗಂಟೆಯ ಡಿಸ್ಕಿನಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಅದಕ್ಕೇ ಹೋಯಿತು.

ವಿಎಚ್‌ಎಸ್ ಕ್ಯಾಸೆಟ್ ಇಟ್ಟುಕೊಂಡವರಿಗೆ ಒಂದು ಗುಟ್ಟು. ಆ ಟೇಪಿನಲ್ಲಿ ಅಡ್ಡಕ್ಕೆ ಇರುವುದೇ ಸುಮಾರು 240 ಗೆರೆಯಷ್ಟು ವಿವರ. ಅದನ್ನು 720 ಚುಕ್ಕಿಗೆ ಹಿಗ್ಗಿಸಿ ಏನೂ ಸಿಗುವುದಿಲ್ಲ. ಡಿವಿಡಿ ನಿಯಮದಲ್ಲಿ 352 ಅಡ್ಡ, 576 ಉದ್ದ ಎಂಬ ಇನ್ನೊಂದು ಅಳತೆ ಇದೆ. ಅರ್ಧ ಅಗಲ, ಪೂರ್ತಿ ಉದ್ದ. ಮೂರು ಗಂಟೆಯ ಕ್ಯಾಸೆಟ್ಟನ್ನು ಈ ಅಳತೆಯಲ್ಲಿ ಮೂರು ಮೆಗಾಬಿಟ್ಟಿಗೆ ಹಾಕಿ ನೋಡಿ, 720ರಲ್ಲಿ ಅದೇ ಮೂರು ಮೆಗಾಬಿಟ್ಟಿಗೆ ಹಾಕಿದ್ದಕ್ಕಿಂತ ಎಷ್ಟೋ ಶುದ್ಧ. ಉದ್ದವನ್ನು ಮಾತ್ರ 288ಕ್ಕೆ ಇಳಿಸಬೇಡಿ. ಟೇಪಿನಲ್ಲಿ ಸೆಕೆಂಡಿಗೆ 50 ಅರ್ಧಚಿತ್ರ ಇರುತ್ತದೆ, ಒಂದರಲ್ಲಿ ಸರಿ ಗೆರೆ, ಇನ್ನೊಂದರಲ್ಲಿ ಬೆಸ ಗೆರೆ. 288 ಮಾಡಿದ ಕೂಡಲೇ ಅರ್ಧ ಚಲನೆ ಬಿದ್ದುಹೋಗುತ್ತದೆ. ಮಂಡಿ ತಿರುಗುವಾಗ ಕಾಣುವ ಆ ನಯ ಇರುವುದು ಅದರಲ್ಲೇ.

ಟೇಪಿನ ಕಾಳು ಕಾಳು ನಾಯ್ಸ್ ಇನ್ನೊಂದು ಕಳ್ಳ. ಬಯಲಾಟದ ರಂಗಸ್ಥಳದಲ್ಲಿ ಬೆಳಕು ಕಮ್ಮಿ ಇರುತ್ತಿತ್ತು, ಹಳೆಯ ಕ್ಯಾಮೆರಾಗಳು ಗೈನ್ ಏರಿಸಿ ಕತ್ತಲೆಯಲ್ಲೆಲ್ಲ ಇರುವೆ ಹರಿದಾಡಿದ ಹಾಗೆ ಮಾಡುತ್ತಿದ್ದವು. ಆ ಇರುವೆಗಳು ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತವೆ. ಸಾಫ್ಟ್‌ವೇರಿಗೆ ಅದೂ ಚಲನೆಯೇ. ಎನ್‌ಕೋಡ್ ಮಾಡುವ ಮೊದಲು ಹಗುರವಾಗಿ ನಾಯ್ಸ್ ಫಿಲ್ಟರ್ ಹಾಕಿದರೆ ಅದೇ ಬಿಟ್‌ರೇಟಿನಲ್ಲಿ ವೇಷ ಎದ್ದು ಕಾಣುತ್ತದೆ. ಹಗುರವಾಗಿ ಎಂದೆ, ನೆನಪಿರಲಿ. ಜಾಸ್ತಿ ಹಾಕಿದರೆ ಮುಖವರ್ಣಿಕೆಯ ಸಣ್ಣ ಗೆರೆಗಳೂ ಒರೆಸಿಹೋಗಿ ಮೇಣದ ಬೊಂಬೆ ಆಗುತ್ತದೆ.

ಮಿನಿ ಡಿವಿ ಕ್ಯಾಸೆಟ್‌ನವರು ಬಿಟ್‌ರೇಟಿಗಿಂತ ಮೊದಲು ಫೀಲ್ಡ್ ಆರ್ಡರ್ (ಯಾವ ಅರ್ಧಚಿತ್ರ ಮೊದಲು ಎಂಬುದು) ನೋಡಿಕೊಳ್ಳಿ. ಡಿವಿ ಎಂಬ ಈ ಡಿಜಿಟಲ್ ಟೇಪಿನಲ್ಲಿ ಕೆಳಗಿನ ಫೀಲ್ಡ್ ಮೊದಲು. ಸಾಫ್ಟ್‌ವೇರಿನಲ್ಲಿ ಮೇಲಿನದು ಮೊದಲು ಎಂದಿದ್ದರೆ ಪ್ರತಿ ಚಲನೆಯೂ ಒಂದು ಹೆಜ್ಜೆ ಮುಂದೆ ಹೋಗಿ ಅರ್ಧ ಹೆಜ್ಜೆ ಹಿಂದೆ ಬರುತ್ತದೆ. ಟಿವಿಯಲ್ಲಿ ನಡುಗುತ್ತದೆ. ಜನ ಇದನ್ನು ನೋಡಿ ಬಿಟ್‌ರೇಟ್ ಸಾಲಲಿಲ್ಲ ಎಂದುಕೊಂಡು ಮತ್ತೆ ಏರಿಸುತ್ತಾರೆ. ಎಷ್ಟು ಏರಿಸಿದರೂ ನಡುಕ ಹೋಗುವುದಿಲ್ಲ.

ಬ್ಲೂ-ರೇ ಬಗ್ಗೆಯೂ ಅಂಕಣದಲ್ಲಿ ಎರಡು ಸಾಲು ಇತ್ತು, ಡಿವಿಡಿಯನ್ನು ಬ್ಲೂ-ರೇ ಮಾಡಿದರೆ ಎಚ್‌ಡಿ ಆಗುತ್ತದೆ ಎಂಬ ಅರ್ಥದಲ್ಲಿ. ಆಗುವುದಿಲ್ಲ. 720 ಅಡ್ಡದ ಚಿತ್ರವನ್ನು 1,920ಕ್ಕೆ ಹಿಗ್ಗಿಸುವುದನ್ನು ನಿಮ್ಮ ಟಿವಿ ತಾನೇ ಮಾಡುತ್ತದೆ, ಅದಕ್ಕೆ ಅಂಗಡಿಗೆ ದುಡ್ಡು ಕೊಡಬೇಕಾಗಿಲ್ಲ. ಬ್ಲೂ-ರೇಯ ನಿಜವಾದ ಉಪಯೋಗ ಬೇರೆ. ಡಿವಿಡಿಯ ಎಂಪೆಗ್-2 ಚಿತ್ರವನ್ನು ಅದು ಹಾಗೇ ಒಪ್ಪಿಕೊಳ್ಳುತ್ತದೆ, ಮತ್ತೆ ಎನ್‌ಕೋಡ್ ಬೇಡ. ಒಂದು ಪದರದ ಡಿಸ್ಕ್ 25 ಜಿಬಿ. ಐದು ಡಿವಿಡಿ ಇಡಿಯಾಗಿ ಕೂರುತ್ತದೆ. ಲೆಕ್ಕ ಹಾಕಿ ನೋಡಿ. ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ ಎಂಟು ಗಂಟೆ, ಸೆಕೆಂಡಿಗೆ ಆರೂವರೆ ಮೆಗಾಬಿಟ್ ಎಂದರೆ 23.4 ಜಿಬಿ. ಇಡೀ ರಾತ್ರಿಯ ಆಟ, ಒಳ್ಳೆಯ ಡಿವಿಡಿ ಗುಣಮಟ್ಟದಲ್ಲಿ, ಡಿಸ್ಕ್ ಬದಲಾಯಿಸದೆ, ಪೂರ್ವರಂಗದಿಂದ ಮಂಗಳದ ತನಕ. ವಿಸಿಡಿಯ 352 ಅಡ್ಡ, 288 ಉದ್ದದ ಚಿತ್ರವನ್ನು ಮಾತ್ರ ಬ್ಲೂ-ರೇ ನಿಯಮ ಒಪ್ಪುವುದಿಲ್ಲ. ಅದಕ್ಕೆ ಡಿವಿಡಿಯೇ ಸರಿ.

ಆದರೆ ನಮ್ಮ ಕಡೆ ಬ್ಲೂ-ರೇ ಪ್ಲೇಯರ್ ಇರುವ ಮನೆ ಎಲ್ಲಿದೆ? ಜನ ಈಗ ಕೇಳುವುದು ಪೆನ್ ಡ್ರೈವ್. “ಟಿವಿಗೆ ಚುಚ್ಚಿದರೆ ಬರಬೇಕು ಅಣ್ಣಾ” ಎನ್ನುತ್ತಾರೆ. ಒಳ್ಳೆಯದೇ. ಇಲ್ಲಿ ಡಿಸ್ಕಿನ ಅಳತೆಗೆ ಬಿಟ್‌ರೇಟ್ ಹೊಂದಿಸುವ ಹಂಗು ಇಲ್ಲ. ಹ್ಯಾಂಡ್‌ಬ್ರೇಕ್‌ನಂಥ ಉಚಿತ ಸಾಫ್ಟ್‌ವೇರಿನಲ್ಲಿ ಬಿಟ್‌ರೇಟ್ ಬಿಟ್ಟು ಕಾನ್‌ಸ್ಟೆಂಟ್ ಕ್ವಾಲಿಟಿ ಆರಿಸಿ. ಎಚ್.264 ಎಂಬ ಕಂಪ್ರೆಷನ್ನಿಗೆ ಅಂಕಿ 18ರಿಂದ 20ರೊಳಗೆ ಇಡಿ. ಅಂಕಿ ಕಮ್ಮಿಯಾದಷ್ಟೂ ಗುಣಮಟ್ಟ ಜಾಸ್ತಿ, ಇದು ಉಲ್ಟಾ ಲೆಕ್ಕ. ಎಲ್ಲಿ ಎಷ್ಟು ಬೇಕೋ ಅದೇ ತೆಗೆದುಕೊಳ್ಳುತ್ತದೆ. ಡಿಇಂಟರ್ಲೇಸ್ (ಅರ್ಧಚಿತ್ರಗಳನ್ನು ಪೂರ್ತಿ ಫ್ರೇಮ್ ಮಾಡುವುದು) ಮಾಡುವಾಗ 25 ಫ್ರೇಮಿನ ಬದಲು 50 ಫ್ರೇಮ್ ಬರುವ ಆಯ್ಕೆ ಹುಡುಕಿ, ಕುಣಿತದ ನಯ ಉಳಿಯುತ್ತದೆ. ಇನ್ನೊಂದು, ಪೆನ್ ಡ್ರೈವ್ ಫ್ಯಾಟ್32 ಎಂಬ ಫಾರ್ಮ್ಯಾಟಿನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಪ್ರಸಂಗವನ್ನು ಎರಡು ಮೂರು ತುಂಡು ಮಾಡಿ. ತುಂಡು ಮಾಡುವವರು ದಯವಿಟ್ಟು ಪದ್ಯದ ನಡುವೆ ಕತ್ತರಿಸಬೇಡಿ, ಭಾಗವತರಿಗೆ ಅವಮಾನ.

ನನ್ನ ಮುಖ್ಯ ತಕರಾರು ಇರುವುದು ಅಂಕಣದ ಕೊನೆಯ ಸಾಲಿಗೆ. ಬದಲಾಯಿಸಿದ ಮೇಲೆ ಹಳೆಯ ಕ್ಯಾಸೆಟ್, ಡಿಸ್ಕ್ ಬಿಸಾಡಬಹುದು ಎಂದಿದ್ದಾರೆ. ಖಂಡಿತ ಬೇಡ. ಒಂದು ಫಾರ್ಮ್ಯಾಟಿನಿಂದ ಇನ್ನೊಂದಕ್ಕೆ ಎನ್‌ಕೋಡ್ ಮಾಡಿದ ಪ್ರತಿ ಸಲವೂ ಏನೋ ಒಂದು ಹೋಗುತ್ತದೆ. ಇವತ್ತು ಡಿವಿಡಿ, ನಾಳೆ ಪೆನ್ ಡ್ರೈವ್, ನಾಡಿದ್ದು ಇನ್ನೇನೋ. ಪ್ರತಿ ಸಲ ಹಿಂದಿನ ಪ್ರತಿಯಿಂದಲೇ ಮಾಡಿದರೆ ಸವೆಯುತ್ತಾ ಹೋಗುತ್ತದೆ. ಮೂಲದಿಂದ ಮಾಡಿದರೆ ಒಂದೇ ಸಲದ ನಷ್ಟ. ಅಂಗಡಿಗೆ ಕೊಟ್ಟರೆ ಡಿಸ್ಕಿನ ಜೊತೆ ಮುಟ್ಟದ ಮೂಲ ಫೈಲನ್ನೂ ಹಾರ್ಡ್ ಡಿಸ್ಕಿಗೆ ಹಾಕಿಕೊಡಿ ಎಂದು ಕೇಳಿ. ಕೊಡುವುದಿಲ್ಲ ಎಂದರೆ ಬೇರೆ ಅಂಗಡಿ ನೋಡಿ.

ಮೇಳಗಳು, ದೇವಸ್ಥಾನದ ಟ್ರಸ್ಟುಗಳು, ಹವ್ಯಾಸಿ ಸಂಘಗಳ ಕಪಾಟಿನಲ್ಲಿ ಮಿನಿ ಡಿವಿ ಕ್ಯಾಸೆಟ್‌ಗಳು ಇನ್ನೂ ಇವೆ. ನಮ್ಮ ಕರಾವಳಿಯ ಮಳೆಗಾಲಕ್ಕೆ ಟೇಪಿನ ಮೇಲೆ ಬೂಷ್ಟು ಹಿಡಿಯುತ್ತದೆ, ಬಿಳಿ ಪುಡಿಯ ಹಾಗೆ ಕಾಣುತ್ತದೆ. ಅದನ್ನು ಹಾಗೇ ಪ್ಲೇಯರಿಗೆ ಹಾಕಿದರೆ ಹೆಡ್ಡೂ ಹಾಳು, ಮುಂದೆ ಹಾಕುವ ಟೇಪೂ ಹಾಳು. ಅವರಿಗೆ ನನ್ನ ಮನವಿ ಇಷ್ಟೇ. ಡಿವಿಡಿ ಮಾಡಿಸಲು ಹೊರಡಬೇಡಿ. ಆ ಟೇಪಿನಲ್ಲಿ ಚಿತ್ರ ಸೆಕೆಂಡಿಗೆ 25 ಮೆಗಾಬಿಟ್ಟಿನಲ್ಲಿ ಇದೆ, ಫೈರ್‌ವೈರ್ ಕೇಬಲಿನಲ್ಲಿ ಎಳೆದರೆ ಹಾಗೇ ಕಂಪ್ಯೂಟರಿಗೆ ಇಳಿಯುತ್ತದೆ. ಗಂಟೆಗೆ ಸುಮಾರು 13 ಜಿಬಿ. ಇಡೀ ರಾತ್ರಿಯ ಆಟಕ್ಕೆ 104. ಒಂದು ಟಿಬಿಯ ಹಾರ್ಡ್ ಡಿಸ್ಕಿನಲ್ಲಿ ಒಂಬತ್ತು ರಾತ್ರಿಯ ಆಟ ಹಿಡಿಯುತ್ತದೆ, ಎರಡು ಹಾರ್ಡ್ ಡಿಸ್ಕಿನಲ್ಲಿ ಒಂದೊಂದು ಪ್ರತಿ ಇಟ್ಟು ಬೇರೆ ಬೇರೆ ಮನೆಯಲ್ಲಿಡಿ. ಬಿಟ್‌ರೇಟ್ ಎಷ್ಟು ಎಂದು ಆರಿಸುವ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ.

ಕಷ್ಟ ಇರುವುದು ಟೇಪ್ ಓಡಿಸುವ ಡೆಕ್ ಸಿಗುವುದರಲ್ಲಿ. ಓಡುವ ಮಿನಿ ಡಿವಿ ಕ್ಯಾಮೆರಾ ಈಗ ಕಡಿಮೆ, ಫೈರ್‌ವೈರ್ ಇರುವ ಕಂಪ್ಯೂಟರ್ ಇನ್ನೂ ಕಡಿಮೆ. ನನ್ನ ಹತ್ತಿರ ಎರಡೂ ಇದೆ, ಎರಡೂ ಓಡುತ್ತವೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಯಾವ ಮೇಳದವರಾದರೂ ಸಂಘದವರಾದರೂ ಪತ್ರಿಕೆಗೆ ಬರೆದು ತಿಳಿಸಿದರೆ, ಮಳೆ ಶುರುವಾಗುವ ಮೊದಲು ಇಳಿಸಿಕೊಡುತ್ತೇನೆ. ಹಾರ್ಡ್ ಡಿಸ್ಕ್ ಮಾತ್ರ ಅವರೇ ತರಬೇಕು.

ಇತಿ,
ಹಳೆಯ ವಿಡಿಯೊಗ್ರಾಫರ್
ಕುಂದಾಪುರ ತಾಲ್ಲೂಕು